ಹಾಸ್ಟೆಲ್‌ಗೆ ಹೊರಡುವ ಮುಂಚಿನ ಮಳೆ ರಜೆಗಳು

ಪಿಯುಸಿ ಮುಗಿದ ಮೇಲೆ ತಮ್ಮ-ತಂಗಿಯರ ಜೊತೆ ಇರೋಕೆ ಬೇಕಾದಷ್ಟು ದಿನ ಇದೆ ಅನ್ನಿಸುತ್ತೆ. ಇರೋದಿಲ್ಲ. ಏಪ್ರಿಲ್‌ನಲ್ಲಿ ಅವರಿಗೆ ರಜೆ, ನಿಮಗೆ ಸಿಇಟಿ ಓದು. ನಿಮಗೆ ಬಿಡುವಾಗೋ ಹೊತ್ತಿಗೆ ಅವರ ಶಾಲೆ ಶುರು. ಆಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಸುತ್ತುಗಳು. ಸೀಟು ಸಿಕ್ಕಿದ್ದೇ ತಡ ಶುಲ್ಕ, ಟಿಸಿ, ಹಾಸ್ಟೆಲ್ ಅಂತ ಓಡಾಟ. ಹಾಗಾಗಿ ಕೊನೆಯ ವಾರಕ್ಕೆ ಅಂತ ಏನನ್ನೂ ಉಳಿಸಿಕೊಳ್ಳಬೇಡಿ.

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಜುಲೈ ಹೊತ್ತಿಗೆ ಒಂದು ಭಾಗ್ಯ ಇದೆ: ಮಳೆ ರಜೆ. ಅವತ್ತು ಜೋಗದ ಆಸೆ ಬೇಡ. ಹಳ್ಳ ಉಕ್ಕಿರುತ್ತೆ, ದಾರಿಗೆ ಮರ ಬಿದ್ದಿರುತ್ತೆ, ಹೋದರೂ ಮಂಜಿನಲ್ಲಿ ಏನೂ ಕಾಣೋದಿಲ್ಲ. ಮನೆಯಲ್ಲೇ ಎರಡು ಮೂರು ಜನರ ಕೈ ಬೇಕಾಗೋ ಕೆಲಸ ಹಿಡಿಯಿರಿ. ನನ್ನ ಪ್ರಕಾರ ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸೋ ಪತ್ರೊಡೆಗಿಂತ ಒಳ್ಳೆಯದು ಇನ್ನೊಂದಿಲ್ಲ.

ಮರದ ಮೇಲೆ ಬೆಳೆಯೋ ಮರಗೆಸು ಸಿಕ್ಕರೆ ಬಹಳ ಒಳ್ಳೆಯದು. ಪಾಚಿ ಕಟ್ಟಿದ ಮರಕ್ಕೆ ಹುಡುಗರನ್ನು ಹತ್ತಿಸಬೇಡಿ, ದೋಟಿಯಲ್ಲೇ ಕೀಳಿ. 15ರಿಂದ 20 ಎಲೆ ಸಾಕು. ಎರಡು ಲೋಟ ದೋಸೆ ಅಕ್ಕಿ ಮೂರು ಗಂಟೆ ನೆನೆಯಲಿ. ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಒಂದು ಹಿಡಿ ಕಾಯಿತುರಿ, ನಿಂಬೆ ಗಾತ್ರದ ಹುಣಸೆ, ಚೂರು ಬೆಲ್ಲ, ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಿ. ಎಲೆ ಎತ್ತಿ ಹಿಡಿದರೆ ಹಿಟ್ಟು ಇಳಿಯಬಾರದು. ದೊಡ್ಡವರು ಎಲೆಯ ದಪ್ಪ ನರ ಹೆರೆಯಲಿ, ಚಿಕ್ಕವರು ಎಲೆಯ ಹಿಂಬದಿಗೆ ಹಿಟ್ಟು ಸವರಲಿ. ಒಂದರ ಮೇಲೊಂದು ಐದು ಎಲೆ, ತುದಿ ಒಮ್ಮೆ ಆಚೆ, ಒಮ್ಮೆ ಈಚೆ. ಎರಡೂ ಬದಿ ಮಡಚಿ ಬಿಗಿಯಾಗಿ ಸುತ್ತಿ, 40 ನಿಮಿಷ ಹಬೆಯಲ್ಲಿ ಬೇಯಿಸಿ. ಗಂಟಲು ಕೆರೆದರೆ ಹುಣಸೆ ಸಾಲಲಿಲ್ಲ ಅಥವಾ ಒಳಗಿನ ಸುತ್ತು ಬೇಯಲಿಲ್ಲ ಅಂತ ಅರ್ಥ. ಕೆಸುವಿನಲ್ಲಿರೋ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳೇ ಈ ತುರಿಕೆಗೆ ಕಾರಣ. ಬಿಸಿಯಲ್ಲೇ ಕೊಯ್ದರೆ ಸುರುಳಿ ಬಿಚ್ಚಿಕೊಳ್ಳುತ್ತೆ, ಪೂರ್ತಿ ಆರಲಿ.

ಬೇಯೋ ಆ ಹೊತ್ತು ಒಲೆ ಮುಂದೆ ಕೂತು ಮಾತಾಡಿ. ‘ಚೆನ್ನಾಗಿ ಓದು’ ಅನ್ನೋ ಉಪದೇಶ ಬೇಡ, ಅದನ್ನು ಹೇಳೋಕೆ ಮನೆಯಲ್ಲಿ ಬೇರೆಯವರು ಇದ್ದಾರೆ. ಇಷ್ಟು ದಿನ ನೀವು ನೋಡಿಕೊಂಡಿದ್ದನ್ನು ಒಪ್ಪಿಸಿ: ಗ್ಯಾಸ್ ಬುಕ್ ಮಾಡೋದು, ಅಪ್ಪನ ಫೋನಿನ ರೀಚಾರ್ಜ್, ಅಜ್ಜಿಯ ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು. ನೀವು ಮಾಡಿ ತೋರಿಸಿದರೆ ಮರೆತುಹೋಗುತ್ತೆ. ಅವರ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿರಿ.

ಫೋನ್ ಮಾಡೋ ಹೊತ್ತನ್ನೂ ಈಗಲೇ ಗೊತ್ತು ಮಾಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತೆ, ಆಗ ತಂಗಿ ನೀವು ಮರೆತಿರಿ ಅಂದುಕೊಳ್ಳುತ್ತಾಳೆ. ಭಾನುವಾರ ರಾತ್ರಿ ಸಿಗದಿದ್ದರೆ ಸೋಮವಾರ ಸಂಜೆ, ಹೀಗೆ ಎರಡು ಹೊತ್ತು ಇರಲಿ.

ಹೊರಡೋ ಮುಂಚೆ ಅವರ ಶಾಲೆಯ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ದಸರಾಕ್ಕೆ ಶಾಲೆಗೆ ಸಿಗುವಷ್ಟು ರಜೆ ಕಾಲೇಜಿಗೆ ಸಿಗದೇ ಇರಬಹುದು. ರೈಲ್ವೆ ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ, ಹಬ್ಬದ ಸೀಟುಗಳು ಬೇಗ ಮುಗಿಯುತ್ತವೆ. ಅವರಿಗೆ ಪರೀಕ್ಷೆ ಇಲ್ಲದ ದಿನ ನೋಡಿಕೊಂಡು ಟಿಕೆಟ್ ತೆಗೆಯಿರಿ.