ತೊಟ್ಟು ಬಿಟ್ಟು ಹೊರಡುವ ಜೀವ

ಇವತ್ತು ಕೆರೆಯಿಂದ ತಂದ ಅಂತರಗಂಗೆಯ ಬೇರಿನ ಎಳೆಯೊಂದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ವೋರ್ಟಿಸೆಲ್ಲಾ ಅನ್ನೋ ಸೂಕ್ಷ್ಮಜೀವಿಗಳ ಒಂದು ಗುಂಪೇ ಅಲ್ಲಿ ಅಂಟಿಕೊಂಡಿತ್ತು!

ಉದ್ದ ತೊಟ್ಟು, ತುದಿಯಲ್ಲಿ ತಲೆಕೆಳಗಾದ ಗಂಟೆಯಂಥ ಮೈ. ಒಂದೊಂದೂ ಬರೀ ಒಂದೇ ಜೀವಕೋಶ. ಬಾಯಿ ಸುತ್ತಲಿನ ಸಣ್ಣ ಕೂದಲುಗಳು ಬಿಡುವಿಲ್ಲದೆ ಆಡುತ್ತವೆ, ನೀರಲ್ಲಿ ಸುಳಿ ಏಳುತ್ತದೆ, ಬ್ಯಾಕ್ಟೀರಿಯಾ ಅದಕ್ಕೆ ಸಿಕ್ಕಿ ನೇರ ಒಳಗೆ.

ಸ್ಲೈಡನ್ನು ಸುಮ್ನೆ ಉಗುರಿನಿಂದ ತಟ್ಟಿದೆ. ಟಕ್ ಅಂತ ಎಲ್ಲವೂ ಕುಗ್ಗಿದವು. ತೊಟ್ಟು ಸುರುಳಿ ಸುರುಳಿ. ಸೆಕೆಂಡಿನ ನೂರನೇ ಒಂದು ಪಾಲೂ ಹಿಡಿಯುವುದಿಲ್ಲ, ಕುಗ್ಗುವುದು ಕಣ್ಣಿಗೇ ಸಿಗುವುದಿಲ್ಲ. ನಮ್ಮ ಸ್ನಾಯುವಿನ ಹಾಗೆ ಇದಕ್ಕೆ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕಿಲ್ಲ. ಕ್ಯಾಲ್ಸಿಯಂ ಬಂದು ಅಂಟಿದರೆ ಸಾಕು, ತೊಟ್ಟಿನೊಳಗಿನ ಎಳೆ ಸೆಳೆದುಕೊಳ್ಳುತ್ತದೆ. ಮತ್ತೆ ಬಿಚ್ಚಿಕೊಳ್ಳುವುದು ಮಾತ್ರ ನಿಧಾನ.

ನನಗೆ ಜಾಸ್ತಿ ಇಷ್ಟ ಆಗೋದು ಬೇರೆ ಸಂಗತಿ. ಒಂದು ಎರಡಾದಾಗ ಹಳೇ ತೊಟ್ಟು ಒಂದಕ್ಕೇ. ಇನ್ನೊಂದು ಬುಡದಲ್ಲಿ ಕೂದಲಿನ ಉಂಗುರ ಬೆಳೆಸಿಕೊಂಡು ಈಜಿ ಹೊರಡುತ್ತದೆ. ಸರಿಯಾದ ಜಾಗ ಸಿಕ್ಕರೆ ಅಲ್ಲೇ ಅಂಟಿ ಹೊಸ ತೊಟ್ಟು ಕಟ್ಟುತ್ತದೆ. ಇರೋ ನೀರು ಕೆಟ್ಟರೆ ದೊಡ್ಡದೂ ತೊಟ್ಟು ಬಿಟ್ಟು ಹೊರಡುವುದುಂಟು. ಬೇರೂರಿ ಬದುಕುವುದು, ಬಿಟ್ಟು ಹೋಗುವುದು ಎರಡೂ ಒಂದೇ ಕೋಶಕ್ಕೆ ಗೊತ್ತು, ಅಲ್ವಾ!

1676ರಲ್ಲೇ ಮೈಕ್ರೋಸ್ಕೋಪಿನಲ್ಲಿ ಸೂಕ್ಷ್ಮಜೀವಿಗಳನ್ನು ಕಂಡ ಡಚ್ ವಿಜ್ಞಾನಿ ಲೇವನ್‌ಹುಕ್ ಇವುಗಳ ಬಗ್ಗೆ ಪತ್ರ ಬರೆದಿದ್ದರು. ಮೈಕ್ರೋಸ್ಕೋಪ್ ಸಿಕ್ಕರೆ ನೀವೂ ನೋಡಿ. ಬರೀ ನೀರಲ್ಲಲ್ಲ, ಬೇರಿನ ಮೇಲೆ ಹುಡುಕಿ.