ಟ್ಯೂಬಾಗೆ ಕಿವಿಗೊಟ್ಟ ಮಳೆಗಾಲ

ತೀರ್ಥಹಳ್ಳಿಯ ಹತ್ತಿರದ ನಮ್ಮ ಹಂಚಿನ ಮನೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಅಂಥದೊಂದು ಸಂಜೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅಮೆರಿಕದ ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಅವರ ‘ಡೀಡ್ಸ್, ನಾಟ್ ವರ್ಡ್ಸ್’ ಎಂಬ ಜಾಝ್ ಆಲ್ಬಂ ಕೇಳಿ, ಟ್ರಂಪೆಟ್ ಚೆನ್ನಾಗಿದೆ ಎಂದುಕೊಂಡು ಸುಮ್ಮನಾಗಿದ್ದೆ. ವಾದಕರ ಪಟ್ಟಿಯಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆಯ ಊದುವ ವಾದ್ಯದ ಹೆಸರೂ ಇತ್ತು, ಆದರೆ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಮಂದ್ರದ ಸ್ವರಗಳನ್ನು ಹೊರಡಿಸುವ ಶಕ್ತಿ ಆ ಸ್ಪೀಕರಿಗಿರಲಿಲ್ಲ. ಅಳಿದುಳಿದದ್ದನ್ನು ಹಂಚಿನ ಮೇಲಿನ ಮಳೆ ನುಂಗಿತ್ತು. ಮಾರನೆಯ ದಿನ ತಮ್ಮನ ಹೆಡ್‌ಫೋನ್ ಇಸಿದುಕೊಂಡು ಕೇಳಿದಾಗ, ಹಿಂದಿನ ದಿನ ನಾನು ಕೇಳಿದ್ದು ಅರ್ಧ ಸಂಗೀತ ಮಾತ್ರ ಎಂದು ತಿಳಿಯಿತು.

1958ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣಗೊಂಡು ರಿವರ್‌ಸೈಡ್ ಸಂಸ್ಥೆಯಿಂದ ಹೊರಬಂದ ಆಲ್ಬಂ ಇದು. ಅದಕ್ಕೂ ಎರಡು ವರ್ಷಗಳ ಹಿಂದೆ ಕಾರು ಅಪಘಾತವೊಂದರಲ್ಲಿ ರೋಚ್ ತಮ್ಮ ತಂಡದ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಮತ್ತು ಪಿಯಾನೋ ವಾದಕ ರಿಚಿ ಪವೆಲ್ ಇಬ್ಬರನ್ನೂ ಕಳೆದುಕೊಂಡಿದ್ದರು. ಈ ಆಲ್ಬಂನ ಹೊಸ ತಂಡದಲ್ಲಿ ಪಿಯಾನೋ ಇಲ್ಲವೇ ಇಲ್ಲ. ಬುಕರ್ ಲಿಟ್ಲ್ ಅವರ ಟ್ರಂಪೆಟ್, ಜಾರ್ಜ್ ಕೋಲ್ಮನ್ ಅವರ ಟೆನರ್ ಸ್ಯಾಕ್ಸೋಫೋನ್, ರೇ ಡ್ರೇಪರ್ ಅವರ ಟ್ಯೂಬಾ, ಆರ್ಟ್ ಡೇವಿಸ್ ಅವರ ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯ ಮತ್ತು ರೋಚ್ ಅವರ ಡ್ರಮ್ಸ್, ಇಷ್ಟೇ. ಆಗ ಲಿಟ್ಲ್ ಅವರಿಗೆ 20 ವರ್ಷ, ಡ್ರೇಪರ್ ಅವರಿಗೆ 18.

ಬಿ ಫ್ಲ್ಯಾಟ್ ಶ್ರುತಿಯ ಟ್ರಂಪೆಟಿನ ಸುತ್ತಿದ ಕೊಳವೆಯನ್ನು ನೆಟ್ಟಗೆ ಬಿಡಿಸಿದರೆ ಸುಮಾರು ನಾಲ್ಕೂವರೆ ಅಡಿ. ಅದೇ ಶ್ರುತಿಯ ದೊಡ್ಡ ಟ್ಯೂಬಾದ್ದು ಸುಮಾರು 18 ಅಡಿ. ಕೊಳವೆ ನಾಲ್ಕು ಪಟ್ಟು ಉದ್ದವಾದ್ದರಿಂದ ಸ್ವರ ಎರಡು ಸ್ಥಾಯಿ ಕೆಳಗಿಳಿಯುತ್ತದೆ. ಅದು ಅಗಲವೂ ಆಗಿರುವುದರಿಂದ ಊದುವವನ ಉಸಿರೂ ಬೇಗ ಖಾಲಿಯಾಗುತ್ತದೆ. ಹಳೆಯ ನ್ಯೂ ಆರ್ಲಿಯನ್ಸ್ ಬ್ಯಾಂಡುಗಳಲ್ಲಿ ಟ್ಯೂಬಾದ ಕೆಲಸ ತಳದಲ್ಲಿ ಲಯ ಹಿಡಿಯುವುದಾಗಿತ್ತು, ನಮ್ಮ ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿನಲ್ಲಿ ದೊಡ್ಡ ಹಿತ್ತಾಳೆ ವಾದ್ಯ ಹೊತ್ತವನು ಹಿಂದೆಯೇ ನಡೆಯುವ ಹಾಗೆ. ಇಲ್ಲಿ ಆ ಕೆಲಸವನ್ನು ಡೇವಿಸ್ ಅವರ ಡಬಲ್ ಬೇಸ್ ವಹಿಸಿಕೊಂಡಿರುವುದರಿಂದ ಟ್ಯೂಬಾ ಮುಂದಿನ ಸಾಲಿಗೆ ಬಂದು ಟ್ರಂಪೆಟಿನ ಪಕ್ಕದಲ್ಲಿ ನಿಲ್ಲುತ್ತದೆ.

ಪಿಯಾನೋ ತುಂಬಬೇಕಾಗಿದ್ದ ಜಾಗವನ್ನು ಮೂರು ಊದುವ ವಾದ್ಯಗಳು ಕೂಡಿ ತುಂಬುತ್ತವೆ. ಲಿಟ್ಲ್ ಅವರ ಸ್ವರ ಹರಿತವಾಗಿದ್ದರೂ ಅದರಲ್ಲೊಂದು ವಿಷಾದವಿದೆ. ಅದರ ಕೆಳಗೆ ಡ್ರೇಪರ್ ಅವರ ಸ್ವರ ಕೂದಲೆಳೆಯಷ್ಟು ತಡವಾಗಿ, ಅಂಚು ಮಸುಕಾಗಿ ತೆರೆದುಕೊಳ್ಳುತ್ತದೆ. ಈ ಅಂತರವೇ ನನಗೆ ಅತ್ಯಂತ ಪ್ರಿಯವಾದದ್ದು. ವೇಗದ ಜಾಗಗಳಲ್ಲಿ ಟ್ಯೂಬಾ ತುಸು ತೊಡರುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅಷ್ಟು ಭಾರದ ವಾದ್ಯವನ್ನು ಹಾಡಿಸಲು ಒಬ್ಬ ಹುಡುಗ ಪಡುವ ಶ್ರಮ ಕೇಳಿಸುವುದೂ ಅಲ್ಲಿಯೇ. ಡ್ರೇಪರ್ ರಚಿಸಿದ ‘ಫಿಲಿಡೇ’ ಕೇಳಿ, ಆಮೇಲೆ ಲಿಟ್ಲ್ ರಚಿಸಿದ ‘ಲ್ಯಾರಿ ಲರೂ’ ಕೇಳಿ.

ರೋಚ್ ಎಂದೊಡನೆ ಎಲ್ಲರೂ 1960ರ ‘ವಿ ಇನ್ಸಿಸ್ಟ್!’ ಆಲ್ಬಂ ಬಗ್ಗೆ ಮಾತನಾಡುತ್ತಾರೆ. ಅದು ನ್ಯಾಯವೇ, ಆದರೆ ಅದರ ನೆರಳಿನಲ್ಲಿ ಈ ಆಲ್ಬಂ ಮರೆಯಾಯಿತು. ಲಿಟ್ಲ್ 1961ರ ಅಕ್ಟೋಬರಿನಲ್ಲಿ, 23ನೆಯ ವಯಸ್ಸಿಗೇ, ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು.

‘ಡೀಡ್ಸ್, ನಾಟ್ ವರ್ಡ್ಸ್’ನ ಕೊನೆಯ ರಚನೆ ‘ಕಾನ್ವರ್ಸೇಷನ್’ನಲ್ಲಿ ಊದುವವರೆಲ್ಲ ಸುಮ್ಮನಾಗಿ ರೋಚ್ ಒಬ್ಬರೇ ಡ್ರಮ್ಸ್ ನುಡಿಸುತ್ತಾರೆ. ಅದು ಮುಗಿದ ಮೇಲೂ ಹೊರಗೆ ಮಳೆ ಬಿಟ್ಟಿರದಿದ್ದರೆ ನಾನು ಮತ್ತೆ ‘ಫಿಲಿಡೇ’ ಹಾಕಿಕೊಳ್ಳುತ್ತೇನೆ.