ಮಗ್ಗಿ ಬರುತ್ತೆ, ಲೆಕ್ಕ ಮಾತ್ರ ಯಾಕೆ ಬರಲ್ಲ?

“ಮಗಳು ಇಷ್ಟು ಚೆನ್ನಾಗಿ ಓದ್ತಾಳೆ, ಮಾತಾಡ್ತಾಳೆ. ಲೆಕ್ಕದಲ್ಲಿ ಮಾತ್ರ ಯಾಕೆ ಹೀಗೆ? ಸೋಮಾರಿತನ, ಅಲ್ವಾ?” ನೆಂಟರು, ಟೀಚರುಗಳು, ಪಕ್ಕದ ಮನೆಯವರು ಎಲ್ಲರೂ ನನ್ನನ್ನು ಇದನ್ನೇ ಕೇಳುತ್ತಾರೆ.

ಸೋಮಾರಿತನ ಅಲ್ಲ. ಅವಳಿಗೆ ಟರ್ನರ್ ಸಿಂಡ್ರೋಮ್ ಇದೆ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತವೆ. ಇವರಲ್ಲಿ ಒಂದು ಪೂರ್ತಿ ಇರುವುದಿಲ್ಲ, ಇಲ್ಲವೇ ಅದರ ಒಂದು ತುಂಡು ಇರುವುದಿಲ್ಲ. ಸುಮಾರು 2,000ದಿಂದ 2,500 ಹೆಣ್ಣುಕೂಸುಗಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಎತ್ತರ ಕಡಿಮೆ ಇರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಲೆಕ್ಕದ ತೊಡಕು ಬೀಳುವುದಿಲ್ಲ.

ಮಗ್ಗಿ ಅವಳಿಗೆ ಪದ್ಯದ ಹಾಗೆ ಬಾಯಿಗೆ ಬರುತ್ತದೆ. ಅದು ಮಾತಿನ ನೆನಪು, ಅದರಲ್ಲಿ ಅವಳು ಗಟ್ಟಿ. ಆದರೆ ತಟ್ಟೆಯಲ್ಲಿ ನಾಲ್ಕು ಕೋಡುಬಳೆ ಇದ್ದರೆ ನಮಗೆ ನೋಡಿದ ಕೂಡಲೇ ನಾಲ್ಕು ಅಂತ ಗೊತ್ತಾಗುತ್ತದೆ. ಅವಳು ಒಂದೊಂದಾಗಿ ಎಣಿಸುತ್ತಾಳೆ. ಎಣಿಸದೆಯೇ ಎಷ್ಟಿದೆ ಅಂತ ತಿಳಿಯುವ ಈ ಅಂದಾಜಿಗೆ ಮೆದುಳಿನ ಮೇಲ್ಭಾಗದಲ್ಲಿ, ಹಿಂದಕ್ಕೆ ಇರುವ ಒಂದು ಮಡಿಕೆ ಬೇಕು. 2003ರಲ್ಲಿ ಫ್ರಾನ್ಸಿನ ಸಂಶೋಧಕರು ಟರ್ನರ್ ಇರುವ ಹೆಂಗಸರ ಮೆದುಳನ್ನು ಸ್ಕ್ಯಾನ್ ಮಾಡಿದಾಗ ಆ ಮಡಿಕೆಯಲ್ಲೇ ವ್ಯತ್ಯಾಸ ಕಂಡಿತು. ಅದನ್ನು ಓದಿದ ರಾತ್ರಿ ನಾನು ತುಂಬಾ ಅತ್ತೆ. ಅಷ್ಟು ದಿನ ನಾನೂ ಅವಳನ್ನು ಬೈಯುತ್ತಿದ್ದೆ.

ಈಗ ಮನೆಯಲ್ಲಿ ದಿನಾ ಹತ್ತು ನಿಮಿಷ ಆಡುತ್ತೇವೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಬಿದ್ದಾಗ ಎಷ್ಟು ಮೇಲ್ಮುಖವಾಗಿವೆ ಅಂತ ಬೆರಳಿಡದೆ ಹೇಳಬೇಕು. ಆಮೇಲೆ ಹುಣಸೆ ಬೀಜ. ಎರಡು ಗುಡ್ಡೆ ಮಾಡಿ ಒಂದು ಕ್ಷಣ ತೋರಿಸಿ ಮುಚ್ಚುತ್ತೇನೆ. ಯಾವುದು ಜಾಸ್ತಿ? ಶುರುವಿನಲ್ಲಿ 5 ಮತ್ತು 15. ಈಗ 8 ಮತ್ತು 12ಕ್ಕೆ ಬಂದಿದ್ದೇವೆ. ಗೋಡೆಗೆ ಒಂದು ದಾರ ಕಟ್ಟಿದ್ದೇನೆ, ಈ ತುದಿ ಸೊನ್ನೆ, ಆ ತುದಿ ನೂರು. 37 ಅಂದರೆ ಎಲ್ಲಿ ಅಂತ ಅಂದಾಜು ಮಾಡಿ ಬಟ್ಟೆಯ ಕ್ಲಿಪ್ ಸಿಕ್ಕಿಸುತ್ತಾಳೆ. ಗಡಿಯಾರ ಮಾತ್ರ ಹತ್ತಿರ ಇಡುವುದಿಲ್ಲ. ಬೇಗ ಬೇಗ ಅಂದರೆ ಗೊತ್ತಿರುವುದೂ ಅವಳ ಕೈತಪ್ಪುತ್ತದೆ. ಟೀಚರುಗಳಲ್ಲೂ ನಾನು ಕೇಳಿಕೊಳ್ಳುವುದು ಇದೊಂದೇ: ಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಸಮಯ ಕೊಡಿ.

“ಇದರಿಂದ ಸರಿಹೋಗುತ್ತಾ?” ಅಂತಲೂ ಕೇಳುತ್ತಾರೆ. ಕ್ರೋಮೋಸೋಮ್ ಬದಲಾಗುವುದಿಲ್ಲ. ಆದರೆ ಮೊನ್ನೆ ಅವಳು 35 ರೂಪಾಯಿಯ ತರಕಾರಿಗೆ 50ರ ನೋಟು ಕೊಟ್ಟಳು. ಕೈಗೆ ಬಂದ ಒಂದೇ 5ರ ನಾಣ್ಯ ನೋಡಿ, “ಅಂಕಲ್, ಇದು ಕಡಿಮೆ ಆಯ್ತು” ಅಂದಳು. ಎಷ್ಟು ಕಡಿಮೆ ಅಂತ ಹೇಳಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಅವರು ಕಾದರು.